ಬಲಗಡೆಯ ಕೊಂಡಿ

ನಮ್ಮ ಮನೆ ಮುಂದೆ ನಿಲ್ಲುವ ಬಿಳಿ ಪಿಕಪ್ಪಿನಲ್ಲಿ ಯಾರೂ ಕೂರದ ಸೀಟಿಗೂ ಬೆಲ್ಟು ಹಾಕಿರುತ್ತದೆ. ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಮೊನ್ನೆ ಬೂಕನಕೆರೆಯಿಂದ ಎಳನೀರು ತುಂಬಿಸಲು ಬಂದವನೊಬ್ಬ ಕಿಟಕಿಯಲ್ಲಿ ಇಣುಕಿ, "ಇದ್ಯಾಕ್ಲಾ, ಗಾಳಿ ಆರೋಯ್ತದೆ ಅಂತ ಕಟ್ಟಾಕಿದ್ದೀಯಾ?" ಎಂದು ಕೇಳಿದ.

ಗಾಡಿ ಓಡಿಸುವವನು ನನ್ನ ಮೈದುನನ ಮಗ. "ಬಿಚ್ಚುದ್ರೆ ಕೂಗ್ತದೆ ಕಣಣ್ಣ" ಎಂದಷ್ಟೇ ಹೇಳಿ ಹಗ್ಗ ಎಳೆದುಕೊಂಡು ಹಿಂದಕ್ಕೆ ಹೋದ.

ಕೂಗುವುದು ನಿಜ. ಈಗಿನ ಗಾಡಿಗಳಲ್ಲಿ ಕೂತವರು ಬೆಲ್ಟು ಹಾಕದಿದ್ದರೆ ಟೀಂ ಟೀಂ ಎಂದು ಬಡಿದುಕೊಳ್ಳುತ್ತದೆ. ಸೀಟಿನೊಳಗೆ ತೂಕ ನೋಡುವಂಥದ್ದು ಏನೋ ಇಟ್ಟಿರುತ್ತಾರಂತೆ. ಆದರೆ ಈ ಗಾಡಿಯ ಎಡಗಡೆ ಸೀಟು ಯಾರೂ ಇಲ್ಲದಾಗಲೂ ಕೂಗುತ್ತದೆ. ಮೆಕ್ಯಾನಿಕ್ಕು ಎರಡು ಸಲ ಬಿಚ್ಚಿ ನೋಡಿ, ಎಲ್ಲ ಸರಿಯಾಗೇ ಇದೆ ಎಂದ. ಅವತ್ತಿನಿಂದ ಇವನು ಖಾಲಿ ಸೀಟಿಗೆ ಬೆಲ್ಟು ಹಾಕಿಯೇ ಗಾಡಿ ತೆಗೆಯುತ್ತಾನೆ. ಊರಲ್ಲಿ ಅದಕ್ಕೊಂದು ಕಾರಣವನ್ನೂ ಕಟ್ಟಿದ್ದಾರೆ: ಅಲ್ಲಿ ಅವರವ್ವ ಕೂತಿರುತ್ತಾಳಂತೆ.

ಅವರವ್ವ ಎಂದರೆ ನನ್ನ ವಾರಗಿತ್ತಿ. ನಾಲ್ಕು ವರ್ಷದ ಕೆಳಗೆ ಇವನ ಹಳೇ ಪಿಕಪ್ಪಿನ ಹಿಂದಿನಿಂದ ಬಿದ್ದು ಸತ್ತಳು. ಹಿಂದಿನ ಡೋರಿನ ಒಂದು ಕೊಂಡಿ ಹಾಕಿರಲಿಲ್ಲ. ಹಾಕಬೇಕಾಗಿದ್ದವನು ತಾನು, ಆದ್ದರಿಂದ ಅವ್ವನನ್ನು ಕೊಂದವನೂ ತಾನೇ ಎಂದು ಇವನು ತೀರ್ಮಾನ ಮಾಡಿಕೊಂಡುಬಿಟ್ಟ. ಆದರೆ ಗಾಡಿ ಹೊರಡುವಾಗಲೇ ಆ ಕೊಂಡಿ ನೇತಾಡುತ್ತಿದ್ದುದನ್ನು ಒಬ್ಬರು ನೋಡಿದ್ದರು. ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಅದು ನಾನು. ಈ ಮಾತನ್ನು ಅವನಿಗೆ ಹೇಳದೆಯೇ ನಾಲ್ಕು ವರ್ಷ ಅವನ ತಟ್ಟೆಗೆ ಮುದ್ದೆ ಇಕ್ಕಿದ್ದೇನೆ.

ವಾರಗಿತ್ತಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಒಂದೇ ಅಂಗಳ, ನಡುವೆ ಒಂದು ಗೋಡೆ, ಎರಡು ಒಲೆ. ಇಬ್ಬರ ಗಂಡಂದಿರೂ ಹೋದ ಮೇಲೆ ಒಂದು ಒಲೆ ಆರಿಸಿ ಒಂದೇ ಕಡೆ ಬೇಯಿಸಲು ಶುರುಮಾಡಿದೆವು. ಒಲೆ ಒಂದಾದರೂ ಜಗಳ ಎರಡೂ ಮನೆಯದು ಹಾಗೇ ಉಳಿಯಿತು. ನಾನು ಏನನ್ನೂ ನಂಬದವಳು, ಅವಳು ಎಲ್ಲವನ್ನೂ ನಂಬುವವಳು. ಬೆಕ್ಕು ಅಡ್ಡ ಹೋದರೆ ಅವಳು ಬಸ್ಸನ್ನೇ ಬಿಡುತ್ತಿದ್ದಳು. ಅವಳನ್ನು ರೇಗಿಸಲೆಂದೇ ನಾನು ಬೆಕ್ಕಿಗೆ ಜಗುಲಿಯ ಮೇಲೆ ಹಾಲು ಇಡುತ್ತಿದ್ದೆ.

ಅವಳ ಎಲ್ಲ ನಂಬಿಕೆಗಳಿಗಿಂತ ದೊಡ್ಡದು ಒಂದಿತ್ತು. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕೂಗಬಾರದು. ಏನು ಮರೆತಿದ್ದರೂ ಸರಿ, ಹೊಸಿಲು ದಾಟಿದ ಮೇಲೆ ಹೆಸರು ಹಿಡಿದು ಕರೆಯಬಾರದು, ನಿಲ್ಲಿ ಎನ್ನಬಾರದು. ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಇದು. ಆದರೆ ಅವಳಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದವರು ಇನ್ನೊಬ್ಬರಿಲ್ಲ.

ಮಗನಿಗೆ ಮೊದಲನೇ ಹೆಣ್ಣು ನೋಡಲು ಹೊರಟ ದಿನ ನಾನು ಅದನ್ನೇ ಮಾಡಿದೆ. ಗಾಡಿ ಗೇಟು ದಾಟಿತ್ತು. ಹೂವಿನ ಬುಟ್ಟಿ ಜಗುಲಿ ಮೇಲೇ ಕೂತಿತ್ತು. "ಲೇ, ನಿಲ್ಸ್ಲಾ! ಹೂವ ಬುಟ್ಟು ಏನ್ ಮುಡುಸೀರಿ, ಸೊಪ್ಪಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಬುಟ್ಟಿ ಸಿಕ್ಕಿತು. ಎಂಟು ದಿನ ಕಳೆದ ಮೇಲೆ, ಹೊಲ ಉಳುವ ಗಂಡಿಗೆ ಹೆಣ್ಣು ಕೊಡುವುದಿಲ್ಲ ಎಂದು ಆ ಕಡೆಯವರು ಹೇಳಿ ಕಳಿಸಿದರು. ಅವರು ಕೊಟ್ಟ ಕಾರಣ ಅದೊಂದೇ. ಆದರೆ ವಾರಗಿತ್ತಿಗೆ ಗೊತ್ತಿದ್ದ ಕಾರಣ ನಾನು.

ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಹೇಳುವುದೇನಾದರೂ ಇದ್ದರೆ ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದಳು. "ಕೇಳ್ದೇನವ್ವ, ಕೆಲವರ ಬಾಯಿಗೆ ಬೀಗ ಇರಾಕಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಗದೆ ಅಂತ್ಲೂ ಯೋಳ್ಬುಡು ಅವ್ರಿಗೆ."

ನಾನೂ ಹಸುವಿಗೇ ಹೇಳುತ್ತಿದ್ದೆ. "ಉಪ್ಪು ಜಾಸ್ತಿ ಆದ್ರೆ ನೀರ್ ಕುಡ್ಯಕ್ಕೆ ಯೋಳವ್ವ."

ಹಸು ಇಬ್ಬರ ಕಡೆಯೂ ತಲೆಯಾಡಿಸುತ್ತಿತ್ತು. ಕೊನೆಗೆ ರಾಜಿ ಆದಾಗ ಅವಳು ನನ್ನ ಕೈಯನ್ನು ತನ್ನ ನೆತ್ತಿಯ ಮೇಲೆ ಇಡಿಸಿಕೊಂಡಳು. "ಇನ್ನೊಂದ್ಸಲ ನನ್ ಮಗ ಹೆಣ್ ನೋಡಕ್ಕೆ ಹೊಂಟಾಗ ಆಕಾಶನೇ ಬಿದ್ರೂ ನೀನು ಉಸ್ರೆತ್ತಬಾರ್ದು ಕಣಕ್ಕ. ಆಣೆ ಮಾಡು." ನಗುತ್ತಲೇ ಆಣೆ ಮಾಡಿದೆ.

ಎರಡನೇ ಹೆಣ್ಣು ನಾಗಮಂಗಲದ ಕಡೆಯದು. ಅವತ್ತು ನಮ್ಮ ಹಸು ಕರು ಹಾಕುವ ಹಾಗಿತ್ತು, ಆದ್ದರಿಂದ ನಾನು ಮನೆಯಲ್ಲೇ ಉಳಿದೆ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಇವನು, ಇವನ ಸೋದರಮಾವ, ಸಂಬಂಧ ಹೇಳಿದವರು. ಹಿಂದಿನ ಬಾಡಿಯಲ್ಲಿ ಹೆಂಗಸರು. ಸಂತೆಬಾಚಹಳ್ಳಿ ಸಂತೆಗೆ ದನ ಸಾಗಿಸುತ್ತಿದ್ದ ಗಾಡಿ ಅದು. ತೊಳೆದು, ಹುಲ್ಲು ಹಾಸಿ, ಮೇಲೊಂದು ಜಮಖಾನ ಹಾಸಿದರೆ ನಮ್ಮಲ್ಲಿ ಅದೇ ಹೆಂಗಸರ ಬಸ್ಸು. ಸರಕಿನ ಜಾಗದಲ್ಲಿ ಜನ ಕೂರಬಾರದೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಕೂರುತ್ತಾರೆ. ವಯಸ್ಸಾದವರನ್ನು ಕ್ಯಾಬಿನ್ನಿಗೆ ಒರಗಿ ಕೂರುವಂತೆ ಮುಂದಕ್ಕೆ ಕಳಿಸಿ, ಗಂಡಿನ ತಾಯಿ ಎಂಬ ದೊಡ್ಡಸ್ತಿಕೆಯಲ್ಲಿ ವಾರಗಿತ್ತಿ ಎಲ್ಲರಿಗಿಂತ ಹಿಂದೆ, ಡೋರಿಗೆ ಬೆನ್ನು ಕೊಟ್ಟು ಕೂತಳು.

ಆ ಡೋರಿಗೆ ಎರಡೂ ಬದಿಗೆ ಒಂದೊಂದು ಕೊಂಡಿ. ಎಡಗಡೆಯದು ಹಾಕಿತ್ತು. ಬಲಗಡೆಯದು ನೇತಾಡುತ್ತಿತ್ತು. ಇವನು ಎಡಗಡೆಯದು ಹಾಕುವಷ್ಟರಲ್ಲಿ ಯಾರೋ ಮುಂದಿನಿಂದ ಕರೆದಿರಬೇಕು. ಗಾಡಿ ಹೊರಟಾಗ ಕೊಂಡಿ ತಗಡಿಗೆ ಬಡಿದು ಟಣ್ ಎಂದಿತು. ನಾನು ಜಗುಲಿಯ ಮೇಲಿದ್ದೆ. ನೋಡಿದೆ. ಬಾಯಿ ತೆರೆದೆ. ವಾರಗಿತ್ತಿ ಕತ್ತು ತಿರುಗಿಸಿ ನನ್ನ ಕಡೆಗೇ ನೋಡುತ್ತಿದ್ದಳು. ನನ್ನ ತೆರೆದ ಬಾಯಿ ಕಂಡವಳೇ ಕಣ್ಣು ಕೆಂಪಗೆ ಮಾಡಿ ತುಟಿಯ ಮೇಲೆ ಬೆರಳಿಟ್ಟಳು.

ನಾನು ಬಾಯಿ ಮುಚ್ಚಿದೆ. ಒಂದು ಕೊಂಡಿ ಇದೆಯಲ್ಲ, ಮುಂದೆ ಎಲ್ಲಾದರೂ ನಿಲ್ಲಿಸಿದಾಗ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಸೇತುವೆ ಹತ್ತಿರದ ಹಳ್ಳಕ್ಕೆ ಚಕ್ರ ಇಳಿದು ಎದ್ದಾಗ ಇನ್ನೊಂದು ಕೊಂಡಿಯೂ ಹಾರಿತಂತೆ. ಡೋರು ಬಿತ್ತು, ಅವಳೂ ಬಿದ್ದಳು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಮುಗಿದುಹೋಗಿತ್ತು. ಇಲ್ಲಿ ಹಸು ಹೆಣ್ಣು ಕರು ಹಾಕಿತ್ತು. ಅವಳಿಗೆ ಹೇಳಬೇಕೆಂದು ನಾನು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದೆ.

ಅವತ್ತಿನಿಂದ ಆ ಸದ್ದು ನನ್ನ ಹಿಂದೆ ಬಿದ್ದಿದೆ. ಬಕೆಟ್ಟಿನ ಹಿಡಿ ಬಿದ್ದರೆ ಟಣ್. ಕೊಟ್ಟಿಗೆಯಲ್ಲಿ ಸರಪಳಿ ಅಲುಗಿದರೆ ಟಣ್. ಡೇರಿಯ ಮುಂದೆ ಹಾಲಿನ ಕ್ಯಾನು ಇಳಿಸಿದರೆ ಟಣ್. ಕೆಲವು ಸಲ ಸದ್ದು ಮಾಡುವಂಥದ್ದು ಏನೂ ಇಲ್ಲದ ಕಡೆಯೂ ಕೇಳುತ್ತದೆ, ಅಕ್ಕಿ ಆರಿಸುವಾಗ, ಬಿಸಿಲಲ್ಲಿ ಸುಮ್ಮನೆ ಕೂತಾಗ. ತಿರುಗಿ ನೋಡಿದರೆ ಬೀದಿ ಖಾಲಿ. ಬೆರಳೊಂದು ಮಾತ್ರ ತುಟಿಯ ಮೇಲಿರುವುದು ಕಾಣುತ್ತದೆ.

ಇವನು ಹಳೇ ಗಾಡಿ ಮಾರಿದ. ಎರಡು ವರ್ಷ ಸ್ಟಿಯರಿಂಗ್ ಮುಟ್ಟಲಿಲ್ಲ. ಮದುವೆ ಮಾತು ಎತ್ತಿದವರಿಗೆ, "ಅವ್ವನ್ನೇ ಸರಿಯಾಗ್ ಕರ್ಕೊಂಡೋಗಕ್ಕಾಗ್ದೋನು ನಾನು" ಎನ್ನುತ್ತಿದ್ದ. ಆ ಮಾತು ಹೇಳಿದಾಗಲೆಲ್ಲ ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಆಮೇಲೆ ಈ ಬಿಳಿ ಪಿಕಪ್ಪು ತಂದ. ತಂದ ದಿನ ನನ್ನನ್ನು ಸುತ್ತ ಕರೆದುಕೊಂಡು ಹೋಗಿ ತೋರಿಸಿದ. ಸ್ಟಿಯರಿಂಗ್ ಒಳಗೆ ಬಲೂನು ಇದೆ, ಗುದ್ದಿದರೆ ಊದಿಕೊಳ್ಳುತ್ತದೆ ಎಂದ.

"ಎಲ್ಲಿ, ಒಂದ್ಸಲ ಗುದ್ದು, ನೋಡನಾ" ಎಂದೆ.

"ಬಲೂನು ನೋಡಕ್ಕೆ ಗಾಡಿ ಗುದ್ದುಸ್ಲಾ ದೊಡ್ಡವ್ವ?"

"ಮತ್ತೆ ಇದೆ ಅಂತ ಎಂಗ್ಲಾ ನಂಬೋದು?"

ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು. ಬ್ರೇಕು ಜೋರಾಗಿ ಒತ್ತಿದರೂ ಚಕ್ರ ಜಾರುವುದಿಲ್ಲವಂತೆ, ಹಿಂದಕ್ಕೆ ತೆಗೆಯುವಾಗ ಹಿಂದೆ ಏನಿದೆ ಎಂದು ಟೀವಿಯಲ್ಲಿ ಕಾಣುತ್ತದಂತೆ. ನಾನು ಹಿಂದೆ ಹೋಗಿ ನಿಂತು ಆ ಟೀವಿಗೆ ನಾಲಿಗೆ ಚಾಚಿದೆ. ಒಳಗಿನಿಂದ ಅವನ ನಗು ಇನ್ನೊಮ್ಮೆ ಕೇಳಿತು. ಆದರೆ ನಾಲಿಗೆ ಒಳಗೆ ಎಳೆದುಕೊಂಡಾಗ ನನ್ನ ಮುಖದ ಮುಂದೆಯೇ ಹಿಂದಿನ ಡೋರು ಇತ್ತು. ಎರಡು ಕೊಂಡಿ ಇರುವಲ್ಲಿ ನಾಲ್ಕು ಮಾಡಿಸಿದ್ದ. ಮೇಲೆ ಅಡ್ಡಕ್ಕೊಂದು ಸರಪಳಿ. ಬಾಡಿಯ ಸುತ್ತ ಎದೆಯೆತ್ತರಕ್ಕೆ ಕಬ್ಬಿಣದ ಪೈಪು ವೆಲ್ಡಿಂಗು. ಇಷ್ಟೆಲ್ಲ ಮಾಡಿಸಿ, ಆ ಬಾಡಿಯಲ್ಲಿ ಒಬ್ಬೇ ಒಬ್ಬ ಮನುಷ್ಯನನ್ನೂ ಹತ್ತಿಸುವುದಿಲ್ಲ ಎಂದು ಶಪಥ ಮಾಡಿದ್ದ. ನಾಗಮಂಗಲದ ಕಡೆ ಬಾಡಿಗೆ ಬಂದರೆ ಒಲ್ಲೆ ಎನ್ನುತ್ತಿದ್ದ.

ಹೊರಡುವ ಮುಂಚೆ ಗಾಡಿಯ ಹಿಂದೆ ನಿಂತು ನಾಲ್ಕೂ ಕೊಂಡಿ ಎಳೆದು ನೋಡುತ್ತಾನೆ. ಸೀಟಿಗೆ ಹೋಗಿ ಕೂರುತ್ತಾನೆ. ಮತ್ತೆ ಇಳಿದು ಬಂದು ಎಳೆಯುತ್ತಾನೆ. ಒಂದೊಂದು ದಿನ ಐದು ಸಲ, ಆರು ಸಲ. ಒಮ್ಮೆ ಪಾಂಡವಪುರಕ್ಕೆ ಬೆಲ್ಲ ಹೊತ್ತು ಹೊರಟವನು ಅರ್ಧ ದಾರಿಯಿಂದ ಫೋನು ಮಾಡಿ, "ದೊಡ್ಡವ್ವ, ನಾನು ಬಲಗಡೇದು ಹಾಕಿದ್ನಾ? ನೀನ್ ನೋಡುದ್ಯಾ?" ಎಂದು ಕೇಳಿದ. ಇಳಿದು ನೋಡಿಕೊಳ್ಳೋ ಎನ್ನಬಹುದಿತ್ತು. ಕೈಯಲ್ಲಿ ಫೋನು ಹಿಡಿದು ಗೋಡೆಗೆ ಒರಗಿದೆ. ನೀನ್ ನೋಡುದ್ಯಾ ಎಂಬ ಮಾತು ನಾಲ್ಕು ವರ್ಷ ತಡವಾಗಿ ಬಂದಿತ್ತು.

ಅವತ್ತೇ ಹೇಳಬೇಕೆಂದು ನಿಶ್ಚಯಿಸಿದೆ. ಬಾಯಲ್ಲಿ ಆಗದಿದ್ದರೆ ಬರೆದಾದರೂ ಹೇಳೋಣ ಎಂದು. ಮದುವೆಯಾಗಿ ಹೋದ ನನ್ನ ಮಗಳ ಮಗಳು ಬೇಸಿಗೆ ರಜೆಗೆ ಬಂದಾಗ ಫೋನಿನಲ್ಲಿ ಕನ್ನಡ ಒತ್ತುವುದು ಕಲಿಸಿ ಹೋಗಿದ್ದಳು. ಒಂದು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. "ಅವತ್ತು ಕೊಂಡಿ" ಎಂದು ಬರೆಯುವಷ್ಟರಲ್ಲಿ ಬೆವರಿದೆ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೊನೆಗೆ "ಊಟಕ್ಕೆ ಹುರುಳಿಕಾಳು ಸಾರು" ಎಂದು ಕಳಿಸಿದೆ. ಅವನು ಕೈಮುಗಿಯುವ ಚಿತ್ರ ಕಳಿಸಿದ.

ಅವಳು ಸತ್ತ ದಿನ ಬಂತು. ಪ್ರತಿ ವರ್ಷ ಆ ದಿನ ಇವನು ಶ್ರೀರಂಗಪಟ್ಟಣಕ್ಕೆ ಹೋಗಿ, ಅವಳ ಬೂದಿ ಬಿಟ್ಟ ಜಾಗದಲ್ಲಿ ಹೊಳೆಗೆ ಹೂವು ಹಾಕಿ ಬರುತ್ತಾನೆ. ಈ ಸಲ, "ನೀನೂ ಬಾ ದೊಡ್ಡವ್ವ. ಮುಂದ್ಗಡೆ ಕುಂತ್ಕೊಂಡ್ ಬರುವಂತೆ" ಎಂದ.

ನಾನು ಬಾಗಿಲು ತೆಗೆದು ಬೆಲ್ಟಿಗೆ ಕೈ ಹಾಕಿದೆ. "ತಾಳು, ನಾನ್ ಬಿಚ್ತೀನಿ" ಎಂದು ಈ ಕಡೆಗೆ ಬಂದ. ಖಾಲಿ ಸೀಟಿನ ಬೆಲ್ಟನ್ನು, ಮಲಗಿದವರನ್ನು ಎಬ್ಬಿಸುವಷ್ಟು ಮೆಲ್ಲಗೆ ಬಿಚ್ಚಿದ. "ಒಂದೀಟು ಜಾಗ ಬುಡವ್ವ" ಎಂದು ಬಾಯೊಳಗೇ ಅಂದ. ನಾನು ಹತ್ತಿ ಕೂತೆ. ಸೀಟು ಬೆಚ್ಚಗಿತ್ತು. ಬಿಸಿಲಿಗೆ ನಿಲ್ಲಿಸಿದ ಗಾಡಿ, ಬೆಚ್ಚಗಿರದೆ ಇನ್ನೇನು ಎಂದು ನನಗೆ ನಾನೇ ಹೇಳಿಕೊಂಡೆ.

ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಪಾಂಡವಪುರ ದಾಟುವಾಗ ಹೇಳೋಣ ಎಂದುಕೊಂಡೆ. ದಾಟಿತು. ಕಾಲುವೆ ದಾಟಿದ ಮೇಲೆ ಎಂದುಕೊಂಡೆ. ಅದೂ ದಾಟಿತು. ಹೊಳೆಯ ಹತ್ತಿರ ಮರದಡಿ ಗಾಡಿ ನಿಲ್ಲಿಸಿ, ಮೆಟ್ಟಿಲು ಇಳಿಯಲು ನನ್ನ ಮಂಡಿಗೆ ಆಗುವುದಿಲ್ಲ ಎಂದು ನನ್ನನ್ನು ಅಲ್ಲೇ ಬಿಟ್ಟು ಅವನೊಬ್ಬನೇ ಹೂವು ಹಿಡಿದು ಹೋದ. ಕಿಟಕಿಯಿಂದ ಕಾಣುತ್ತಿದ್ದ. ಹೂವು ಬಿಟ್ಟ ಮೇಲೂ ತುಂಬ ಹೊತ್ತು ಕೈಮುಗಿದು ನಿಂತಿದ್ದ. ತುಟಿ ಅಲುಗುತ್ತಿತ್ತು. ಏನು ಕೇಳಿಕೊಳ್ಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಪ್ರತಿ ವರ್ಷ ಒಂದೇ ಮಾತು, ತಪ್ಪಾಯ್ತವ್ವ ಎಂದು.

ಅವನು ವಾಪಸು ಬಂದು ಗಾಡಿ ಸ್ಟಾರ್ಟ್ ಮಾಡಿದ. ನಾನು ಆಗಲೇ ಬೆಲ್ಟು ಬಿಚ್ಚಿದ್ದೆ. ಟೀಂ ಟೀಂ ಶುರುವಾಯಿತು.

"ಬೆಲ್ಟ್ ಹಾಕ್ಕೊ ದೊಡ್ಡವ್ವ."

"ಹಾಕಾಕಿಲ್ಲ. ಮೊದ್ಲು ಕೇಳು. ಬೆಲ್ಟ್ ಹಾಕುದ್ರೆ ಸುಮ್ಕಾಗ್ಬುಡ್ತೀನಿ ನಾನು, ಈ ಗಾಡಿ ತರನೇ."

ನನ್ನ ಎಲೆಅಡಿಕೆ ಚೀಲದಲ್ಲಿ ಒಂದು ಕಬ್ಬಿಣದ ನಾಲಿಗೆ ಇತ್ತು. ಬೆಲ್ಟು ಹಾಕದೆಯೇ ಸದ್ದು ನಿಲ್ಲಿಸಲು ಅದನ್ನು ಬೆಲ್ಟು ಸಿಕ್ಕಿಸುವ ತೂತಿಗೆ ಹಾಕುತ್ತಾರೆ. ಸಂತೆಯಲ್ಲಿ ಯಾರೋ ಇವನಿಗೆ ಕೊಟ್ಟಿದ್ದರು. ಇವನು ಉಪಯೋಗಿಸುವುದಿಲ್ಲ ಎಂದು ಎಸೆದಿದ್ದ, ನಾನು ಕದ್ದು ಇಟ್ಟುಕೊಂಡಿದ್ದೆ. ಅದನ್ನು ಸಿಕ್ಕಿಸಿದ್ದರೆ ಸದ್ದು ನಿಲ್ಲುತ್ತಿತ್ತು. ಸಿಕ್ಕಿಸಲಿಲ್ಲ. ಆ ಸದ್ದಿನ ನಡುವೆಯೇ ಎಲ್ಲವನ್ನೂ ಹೇಳಿದೆ. ಜಗುಲಿ, ಕೊಂಡಿ, ತೆರೆದ ಬಾಯಿ, ಅವಳ ಬೆರಳು, ಆಣೆ.

ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ.

"ನೀನ್ ನೋಡುದ್ಯಾ?"

"ನೋಡ್ದೆ."

"ಯಾವ ಕಡೇದು?"

"ಬಲಗಡೇದು."

"ಎಡಗಡೇದು ಹಾಕಿತ್ತಾ?"

"ಹಾಕಿತ್ತು ಕಣಪ್ಪ. ನನ್ ಕಣ್ಣಾರೆ ನೋಡಿವ್ನಿ."

ಅವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಅದರ ಮೇಲೆ ಹಣೆ ಇಟ್ಟ. "ಎರಡ್ರಲ್ಲಿ ಒಂದಾರೂ ಹಾಕಿದ್ನಾ ಇಲ್ವಾ ಅಂತ ನಾಲ್ಕ್ ವರ್ಸದಿಂದ ಗ್ಯಾನ ಮಾಡ್ಕತಾ ಇವ್ನಿ" ಎಂದ. "ಒಂದ್ ಮಾತು ಕೂಗಿದ್ರೆ ಸಾಕಾಗಿತ್ತಲ್ಲ ದೊಡ್ಡವ್ವ."

"ಸಾಕಾಗಿತ್ತು" ಎಂದೆ.

ಅವನು ಕೈ ಚಾಚಿ ನನ್ನ ಬೆಲ್ಟು ಎಳೆದು ಹಾಕಿದ. ಸದ್ದು ನಿಂತಿತು. ಮನೆ ಮುಂದೆ ನನ್ನನ್ನು ಇಳಿಸಿ, ಖಾಲಿ ಸೀಟಿಗೆ ಮತ್ತೆ ಬೆಲ್ಟು ಹಾಕಿ ಒಳಗೆ ಹೋದ.

ಹನ್ನೊಂದು ದಿನ ಅವನು ನನ್ನ ಒಲೆಯ ಊಟ ಮಾಡಲಿಲ್ಲ. ಆರಿಸಿದ್ದ ಇನ್ನೊಂದು ಒಲೆಯ ಪಕ್ಕದಲ್ಲಿ ಗ್ಯಾಸಿಟ್ಟು ಅನ್ನ ಮಾಡಿಕೊಂಡ. ಗೋಡೆಯ ಆ ಕಡೆ ತಟ್ಟೆಯ ಸದ್ದು, ಈ ಕಡೆ ನನ್ನ ತಟ್ಟೆಯ ಸದ್ದು. ನಡುವೆ ಮಾತಾಡಲು ಹಸು ಇತ್ತು, ಅವತ್ತು ಹುಟ್ಟಿದ ಕರುವೇ ಈಗ ಹಾಲು ಕೊಡುವ ಹಸು. ಒಂದು ದಿನ ಹಾಲು ಕರೆಯುತ್ತಾ, "ಅವನಿಗೆ ಕ್ಷಮಿಸು ಅಂತ ಯೋಳವ್ವ" ಎಂದೆ. ಹಸು ತಲೆಯಾಡಿಸಿತು. ಸರಪಳಿ ಟಣ್ ಎಂದಿತು. ತಿರುಗಿ ನೋಡುವಷ್ಟರಲ್ಲಿ ಹಾಲು ಚೆಲ್ಲಿತು.

ಹನ್ನೆರಡನೇ ದಿನ ಬೆಳಿಗ್ಗೆ ಗಾಡಿ ತುಂಬ ಬಾಳೆಗೊನೆ. ಅವನು ಹಿಂದೆ ನಿಂತು ಕೊಂಡಿ ಹಾಕಿದ. ಒಂದೇ ಸಲ. ಎಳೆದು ನೋಡಲಿಲ್ಲ. ಹೋಗಿ ಸೀಟಿನಲ್ಲಿ ಕೂತ. ಗಾಡಿ ಗೇಟು ದಾಟಿ, ಅಲ್ಲೇ ನಿಂತಿತು. ಇಂಜಿನು ಓಡುತ್ತಲೇ ಇತ್ತು. ನಾನು ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದೆ. ಒಂದು ಕಟ್ಟು ಮುಗಿಯಿತು, ಎರಡನೆಯದು ಅರ್ಧವಾಯಿತು. ಗಾಡಿ ಕದಲಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ನನ್ನನ್ನೇ ನೋಡುತ್ತಿದ್ದ.

ಆಗ ಗೊತ್ತಾಯಿತು. ಎದ್ದೆ. ಸೊಪ್ಪೆಲ್ಲ ಮಡಿಲಿಂದ ಚೆಲ್ಲಿತು.

"ಲೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. "ಕೊಂಡಿ ಹಾಕಿದ್ದೀಯೇನ್ಲಾ? ಬಲಗಡೇದು?"

ಎದುರು ಮನೆಯವಳು ಪೊರಕೆ ಹಿಡಿದು ಹೊರಗೆ ಬಂದಳು. "ಅಯ್ಯೋ, ಹೊಂಟೋನ್ನ ಹಿಂದ್ಲಿಂದ ಕೂಗ್ತೀಯಲ್ಲ ಅಜ್ಜಿ!"

"ಕೂಗ್ತೀನಿ ಕಣಮ್ಮಿ. ನಾಳಿಕೂ ಕೂಗ್ತೀನಿ."

ಅವನು ಇಳಿದು ಬಂದ. ನಾಲ್ಕೂ ಕೊಂಡಿ ಮುಟ್ಟಿದ. ಬಲಗಡೆಯದನ್ನು ಎಳೆದು ಬಿಟ್ಟ.

"ಹಾಕಿವ್ನಿ ದೊಡ್ಡವ್ವ" ಎಂದ. ಆಮೇಲೆ, ಮುಖ ನೋಡದೆ, "ನಾಗಮಂಗಲಕ್ಕೆ ಹೋಗ್ತಾ ಇವ್ನಿ. ಮಧ್ಯಾಹ್ನಕ್ಕೆ ಉಣ್ಣಕ್ಕೆ ಬತ್ತೀನಿ" ಎಂದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ತಿರುಗುವಾಗ ಪಕ್ಕದ ಕಿಟಕಿಯಲ್ಲಿ ಎಡಗಡೆ ಸೀಟಿನ ಬೆಲ್ಟು ಅಡ್ಡಕ್ಕೆ ಬಿಗಿಯಾಗಿ ಎಳೆದುಕೊಂಡಿದ್ದು ಕಾಣುತ್ತಿತ್ತು, ಒಳಗೆ ಒಬ್ಬರು ಒರಗಿ ಕೂತ ಹಾಗೆ. ನಾನು ಕೂತು ಚೆಲ್ಲಿದ ಸೊಪ್ಪು ಆರಿಸಿದೆ. ಬೀದಿ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಎಲ್ಲೋ ಟಣ್ ಎಂದಿತು. ನಾನು ತಿರುಗಿ ನೋಡಲಿಲ್ಲ. ಮುದ್ದೆಗೆ ನೀರಿಡಲು ಎದ್ದೆ.